ಸಿಲಿಂಡರ್ ಫೋನೋಗ್ರಾಫಿನ ಮುಳ್ಳು ಸವೆದಿದೆಯೇ ಎಂದು ತಿಳಿಯುವುದು ಹೇಗೆ? ಅನುಭವಸ್ಥರು ತಿಳಿಸಿ

ಮೂಡಿಗೆರೆಯಿಂದ, ಪ್ರಶ್ನೆ:
ತಾತನವರ ಎಡಿಸನ್ ಸ್ಟ್ಯಾಂಡರ್ಡ್ ಯಂತ್ರವೂ (ತಟ್ಟೆಯ ಬದಲು ಸಿಲಿಂಡರಿನಿಂದ ಹಾಡು ನುಡಿಸುವ ಫೋನೋಗ್ರಾಫ್) ಎರಡು ನಿಮಿಷ ನುಡಿಯುವ ಕೆಲವು ಕಪ್ಪು ಮೇಣದ ಸಿಲಿಂಡರುಗಳೂ ಅಟ್ಟದಲ್ಲಿ ದೊರೆತಿವೆ. ರಿಪ್ರೊಡ್ಯೂಸರ್, ಅಂದರೆ ಮುಳ್ಳನ್ನು ಹಿಡಿದು ಧ್ವನಿ ಹೊರಡಿಸುವ ಭಾಗ, ಮಾಡೆಲ್ ಸಿ. ನುಡಿಸುವ ಮೊದಲು ಅದರ ಸಫೈರ್ ಮುಳ್ಳನ್ನು ಮನೆಯಲ್ಲಿಯೇ ಪರೀಕ್ಷಿಸುವ ಬಗೆಯಿದ್ದರೆ ದಯವಿಟ್ಟು ತಿಳಿಸಿ.

ಸಕಲೇಶಪುರದ ತೋಟದವರು:
ನನ್ನದು ಮಾಡೆಲ್ ಎಚ್, ನಾಲ್ಕು ನಿಮಿಷದ್ದು. ಮಾರಿದವರು ಮುಳ್ಳು ಹೊಸದೆಂದು ಆಣೆ ಮಾಡಿ ಹೇಳಿದ್ದರು. ಆಂಬೆರಾಲ್ ಎಂಬ ನಾಲ್ಕು ನಿಮಿಷದ ಮೇಣದ ಸಿಲಿಂಡರ್ ಒಂದನ್ನು ಹಾಕಿದಾಗ ಗಾಯಕನ ಧ್ವನಿ ಏರಿದಲ್ಲೆಲ್ಲ ಒಡೆಯತೊಡಗಿತು. ಮುಳ್ಳಿನ ಸುತ್ತ ಬೂದು ಬಣ್ಣದ ಪುಡಿ ಕೂತಿತ್ತು. ವಿದೇಶದಿಂದ ಹೊಸ ಮುಳ್ಳು ತರಿಸಲು ₹5,200, ಕೊರಿಯರ್‌ಗೆ ₹2,900, ಸುಂಕ ಮತ್ತು ಅದರ ಓಡಾಟಕ್ಕೆ ₹1,740, ಒಟ್ಟು ₹9,840 ಕೈಬಿಟ್ಟಿತು. ಗಟ್ಟಿಯಾಗಿದ್ದ ಗ್ಯಾಸ್ಕೆಟ್ಟುಗಳನ್ನು ಬದಲಾಯಿಸಿದ ಖರ್ಚು ಬೇರೆ. ಪಾರ್ಸೆಲ್ ಸುಂಕದವರ ಬಳಿ ಕೊಳೆಯುತ್ತಿದ್ದ ಅಷ್ಟೂ ಕಾಲ ಇಲ್ಲಿ ಮಳೆ ಹಿಡಿದುಕೊಂಡಿತ್ತು. ಬೀರುವಿನಲ್ಲಿದ್ದ ಸಿಲಿಂಡರುಗಳಿಗೆ ಬೂಷ್ಟು ಹತ್ತಿತು. ಈಗ ನನಗೆ ಹತ್ತಿಯ ಪರೀಕ್ಷೆಯೊಂದೇ ಸಾಕು. ತೆಳುವಾದ ಎಳೆಯನ್ನು ಮುಳ್ಳಿನ ತುದಿಯ ಮೇಲೆ ಎಳೆಯಬೇಕು. ಎಳೆ ಸಿಕ್ಕಿಕೊಂಡರೆ ಮುಳ್ಳು ಕೆಟ್ಟಿದೆ.

ಚಿಕ್ಕಮಗಳೂರಿನ ವಾಚ್ ರಿಪೇರಿಯವರು:
ತೋಟದವರು ಹೇಳಿದ್ದು ಅರ್ಧ ಸತ್ಯ. ಚಕ್ಕೆ ಎದ್ದ ಮುಳ್ಳಿಗೆ ಮಾತ್ರ ಹತ್ತಿ ಸಿಕ್ಕಿಕೊಳ್ಳುತ್ತದೆ. ನಯವಾಗಿಯೇ ಸವೆದು ಚಪ್ಪಟೆಯಾದ ಮುಳ್ಳಿನ ಮೇಲೆ ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿಹೋಗುತ್ತದೆ. ನಾನು ರಿಪ್ರೊಡ್ಯೂಸರನ್ನು ಯಂತ್ರದಿಂದ ಬಿಚ್ಚಿ, ಮುಳ್ಳು ಮೇಲಾಗುವಂತೆ ಮಲಗಿಸಿ, ಒಂದು ಬದಿಯಿಂದ ಮಾತ್ರ ಬೆಳಕು ಬಿಟ್ಟು, ಐವತ್ತು ಪಟ್ಟು ದೊಡ್ಡದು ಮಾಡುವ ಮೈಕ್ರೋಸ್ಕೋಪಿನ ಕೆಳಗೆ ನಿಧಾನವಾಗಿ ತಿರುಗಿಸುತ್ತೇನೆ. ದುಂಡಗಿರುವ ಸಫೈರಿನ ಮೇಲೆ ಹೊಳಪಿನ ಚುಕ್ಕೆ ಎಲ್ಲಿಯೂ ನಿಲ್ಲದೆ ಸರಿಯುತ್ತಾ ಹೋಗುತ್ತದೆ. ಸವೆದಿದ್ದರೆ ಒಂದು ಕೋನದಲ್ಲಿ ಅಷ್ಟು ಭಾಗವೂ ಒಮ್ಮೆಲೇ ಮಿಂಚಿ, ಇನ್ನಷ್ಟು ತಿರುಗಿಸಿದಾಗ ಕಪ್ಪಾಗುತ್ತದೆ. ಅದೇ ಸವೆತ. ವಾಚಿನ ಕೆಲಸದ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಇದನ್ನು ನಂಬುವಂತೆ ನೋಡಲಾಗದು.

ಸಕಲೇಶಪುರದ ತೋಟದವರು:
ಮೈಕ್ರೋಸ್ಕೋಪ್ ಕೊಳ್ಳಿರೆಂದು ಹೇಳುವುದು ಸುಲಭ, ಸ್ವಾಮಿ. ₹9,840 ಕಳೆದುಕೊಂಡವನ ಎದುರು ಇನ್ನೊಂದು ಖರ್ಚಿನ ಪಟ್ಟಿ ಇಡಬೇಡಿ.

ಹಾಸನದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು:
ಇಬ್ಬರೂ ಮುಖ್ಯ ವಿಷಯವನ್ನು ಬಿಟ್ಟಿದ್ದೀರಿ. ಈ ಸಿಲಿಂಡರುಗಳಲ್ಲಿ ಧ್ವನಿ, ಮುಳ್ಳು ಓಡುವ ಗೀರಿನ ತಳದ ಏರಿಳಿತದಲ್ಲಿದೆಯೇ ಹೊರತು ಅಕ್ಕಪಕ್ಕದ ಅಲುಗಾಟದಲ್ಲಿಲ್ಲ. ಚಪ್ಪಟೆ ತುದಿ ತಗ್ಗುಗಳಿಗೆ ಇಳಿಯಲಾರದೆ ದಿಬ್ಬಗಳ ನೆತ್ತಿಯನ್ನು ಅಂಚಿನಿಂದ ಕೆರೆಯುತ್ತದೆ. ಆ ಬೂದು ಪುಡಿ ದಿಬ್ಬಗಳದ್ದೇ. 1912ರಲ್ಲಿ ಬಂದ ಬ್ಲೂ ಆಂಬೆರಾಲ್ ಸೆಲ್ಯುಲಾಯ್ಡಿನದು, ವಜ್ರದ ಮುಳ್ಳನ್ನೂ ತಡೆಯುತ್ತದೆ, ಮೇಣ ತಡೆಯದು. ವಜ್ರ ಸವೆಯುವುದಿಲ್ಲವೆಂದು ಯಾರಾದರೂ ಮೇಣದ ಸಿಲಿಂಡರಿಗೆ ಡೈಮಂಡ್ ಬಿ ಎಂಬ ವಜ್ರದ ಮುಳ್ಳಿನ ರಿಪ್ರೊಡ್ಯೂಸರ್ ಹಾಕಿಕೊಟ್ಟರೆ ಅವರನ್ನು ಮನೆಗೆ ಸೇರಿಸಬೇಡಿ. ಎರಡು ನಿಮಿಷದ ಸಿಲಿಂಡರಿನಲ್ಲಿ ಅಂಗುಲಕ್ಕೆ 100 ಗೀರು, ನಾಲ್ಕು ನಿಮಿಷದ್ದರಲ್ಲಿ 200. ಅಗಲದ ಮುಳ್ಳನ್ನು ಕಿರಿದಾದ ಗೀರಿಗೆ ಹಾಕಿದರೆ ಹೊಸ ಮುಳ್ಳೂ ಸವೆದ ಮುಳ್ಳಿನಷ್ಟೇ ಹಾಳು ಮಾಡುತ್ತದೆ. ಇಷ್ಟಾದ ಮೇಲೆ ನಾನು ಕಿವಿಯನ್ನೇ ನಂಬುತ್ತೇನೆ. ನನ್ನ ಮಾಡೆಲ್ ಸಿ ಯಾವ ಭೂತಗನ್ನಡಿಯನ್ನೂ ಕಾಣದೆ ಇಂದಿಗೂ ಶುದ್ಧವಾಗಿ ನುಡಿಯುತ್ತಿದೆ.

ಚಿಕ್ಕಮಗಳೂರಿನ ವಾಚ್ ರಿಪೇರಿಯವರು:
ಮೇಷ್ಟ್ರೇ, ಕಿವಿಗೆ ಕೇಳಿಸುವ ಹೊತ್ತಿಗೆ ಗೀರು ಹೋಗಿರುತ್ತದೆ. ಅಲ್ಲದೆ ಬೂಷ್ಟು ತಿಂದ ಮೇಣವೂ ಗರಗರ ಎನ್ನುತ್ತದೆ. ನಮ್ಮ ಮಲೆನಾಡಿನ ಸಿಲಿಂಡರಿನಲ್ಲಿ ಸದ್ದು ಮುಳ್ಳಿನದೋ ಬೂಷ್ಟಿನದೋ ಎಂದು ಕಿವಿ ಹೇಗೆ ಬೇರ್ಪಡಿಸೀತು?

ಹಾಸನದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು:
ಬೂಷ್ಟಿಲ್ಲದ, ಹೋದರೆ ಹೋಗಲಿ ಎನ್ನುವಂತಹ ಎರಡು ನಿಮಿಷದ ಒಂದು ಸಿಲಿಂಡರನ್ನು ಇದಕ್ಕೆಂದೇ ಇಟ್ಟುಕೊಂಡರೆ ಬೇರ್ಪಡಿಸುತ್ತದೆ. ಪ್ರತಿ ಸಲ ಅದನ್ನು ಮೊದಲು ನುಡಿಸಿ, ಮುಳ್ಳನ್ನೂ ಗೀರನ್ನೂ ಒರೆಸಿ ನೋಡಿದಾಗ ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಗಿರಾಕಿಗಳಿಗೆ ಭೂತಗನ್ನಡಿ ತೋರಿಸಿ ಹಣ ಎಣಿಸುವವರಿಗೆ ಇದು ರುಚಿಸದಿರಬಹುದು.

ಚಿಕ್ಕಮಗಳೂರಿನ ವಾಚ್ ರಿಪೇರಿಯವರು:
ಮುಳ್ಳು ನೋಡಿಕೊಟ್ಟದ್ದಕ್ಕೆ ನಾನು ಯಾರಿಂದಲೂ ಬಿಡಿಗಾಸು ಪಡೆದಿಲ್ಲ. ಆ ಮಾತನ್ನು ಹಿಂತೆಗೆದುಕೊಳ್ಳಿ. ಮೂಡಿಗೆರೆಯವರು ರಿಪ್ರೊಡ್ಯೂಸರನ್ನಷ್ಟೇ ಬಿಚ್ಚಿ, ಮುಳ್ಳು ಯಾವುದಕ್ಕೂ ತಾಗದಂತೆ ಡಬ್ಬಿಯಲ್ಲಿಟ್ಟು ತಂದರೆ ನೋಡಿಕೊಡುತ್ತೇನೆ. ಅಲ್ಲಿಯವರೆಗೆ ಮೇಷ್ಟ್ರ ಮಾತು ಕೇಳಿ ಒಂದು ಸಿಲಿಂಡರನ್ನೂ ಬಲಿಕೊಡಬೇಡಿ.