ಪದಚರ್ಚೆ: ಸಿನಿಮಾದ 'ಸ್ಕೋರ್'ಗೆ 'ಹಿನ್ನೆಲೆ ಸಂಗೀತ' ಸಾಕೇ?

ಗೆಳೆಯರೇ, ನಮಸ್ಕಾರ.

ಸಿನಿಮಾದ 'ಸ್ಕೋರ್'ಗೆ ಕನ್ನಡದಲ್ಲಿ ಏನು ಹೇಳಬೇಕು? ಎಲ್ಲರಿಗೂ ಗೊತ್ತಿರುವ ಪದ 'ಹಿನ್ನೆಲೆ ಸಂಗೀತ'. ಅದು ಸಾಲುತ್ತಿಲ್ಲ ಎಂದು ನನಗೆ ಅನ್ನಿಸುತ್ತಿದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಹುಡುಗ ಹುಡುಗಿಯರು ಸೂಪರ್‌ಹೀರೋ ಸಿನಿಮಾಗಳ ಸಂಗೀತದ ಬಗ್ಗೆ ಜೋರಾಗಿ ವಾದ ಮಾಡುತ್ತಾರೆ. 1978ರ 'ಸೂಪರ್‌ಮ್ಯಾನ್'ಗೆ ಜಾನ್ ವಿಲಿಯಮ್ಸ್, 1989ರ 'ಬ್ಯಾಟ್‌ಮನ್'ಗೆ ಡ್ಯಾನಿ ಎಲ್ಫ್‌ಮನ್ ಕೊಟ್ಟ ಸಂಗೀತವನ್ನು ಇವತ್ತಿಗೂ ಗುನುಗಬಹುದು, ಈಗಿನದು ಥಿಯೇಟರಿನ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ ಎಂದು ಕೆಲವರ ಮಾತು. ಗುನುಗಲು ಬಂದರೆ ಮಾತ್ರ ಒಳ್ಳೆಯ ಸಂಗೀತವಾ ಎಂದು ಉಳಿದವರ ಪ್ರಶ್ನೆ. ಎರಡೂ ಕಡೆಯವರು ತುಂಬ ಕೇಳಿಕೊಂಡವರು, ಸುಮ್ನೆ ಮಾತಾಡುವವರಲ್ಲ. ಈ ಚರ್ಚೆಯನ್ನು ಬಳಗದ ಪತ್ರಿಕೆಗೆ ಬರೆದುಕೊಡಲು ನಾನು ಒಪ್ಪಿಕೊಂಡಿದ್ದೇನೆ. ಬರೆಯಲು ಕೂತರೆ ಪದಗಳೇ ಅಡ್ಡ ಬರುತ್ತಿವೆ.

ಮೊದಲನೆಯ ತೊಡಕು ನಮ್ಮ ಸಿನಿಮಾದ ರೂಢಿಯಿಂದ ಬಂದದ್ದು. ನಮ್ಮಲ್ಲಿ ಬರೀ 'ಸಂಗೀತ' ಅಂದರೆ ಹಾಡುಗಳು. ಉಳಿದದ್ದೆಲ್ಲ 'ಹಿನ್ನೆಲೆ ಸಂಗೀತ'. ಎಷ್ಟೋ ಸಲ ಇವೆರಡನ್ನೂ ಬೇರೆ ಬೇರೆಯವರೇ ಮಾಡುತ್ತಾರೆ. ಮುಂಬಯಿಯಲ್ಲೇ ತಯಾರಾದ 2006ರ 'ಕ್ರಿಶ್' ನೋಡಿ. ಹಾಡುಗಳು ರಾಜೇಶ್ ರೋಶನ್ ಅವರವು, ಹಿನ್ನೆಲೆ ಸಂಗೀತ ಸಲೀಂ-ಸುಲೈಮಾನ್ ಅವರದು. ಹಾಲಿವುಡ್‌ನ ಸೂಪರ್‌ಹೀರೋ ಚಿತ್ರಗಳಲ್ಲಿ ಸಾಮಾನ್ಯವಾಗಿ ಈ ಹಂಚಿಕೆ ಇಲ್ಲ. ಪಾತ್ರಗಳು ನಿಂತು ಹಾಡುವುದು ಅಪರೂಪ, ಹಾಗಾಗಿ ಚಿತ್ರಕ್ಕೆಂದೇ ಕಟ್ಟಿದ ಸಂಗೀತದಲ್ಲಿ ಹೆಚ್ಚಿನದು ಸ್ಕೋರ್. ಅಲ್ಲಿ ಅದೇ ಮುಖ್ಯ ಕೃತಿ. ಅದನ್ನು 'ಹಿನ್ನೆಲೆ' ಎಂದು ಕರೆದರೆ ಓದುಗರ ಮನಸ್ಸಿನಲ್ಲಿ ಅದು ಮೊದಲೇ ಎರಡನೆಯ ಸಾಲಿಗೆ ಹೋಗಿಬಿಡುತ್ತದೆ. ವಾದ ಶುರುವಾಗುವ ಮೊದಲೇ ತೀರ್ಪು ಕೊಟ್ಟಹಾಗೆ ಅಲ್ವಾ?

'ಸ್ಕೋರ್' ಎಂದೇ ಇಟ್ಟುಕೊಳ್ಳಬಹುದು. ಆದರೆ ಕನ್ನಡದಲ್ಲಿ ಆ ಪದವನ್ನು ಕ್ರಿಕೆಟ್ ಯಾವತ್ತೋ ತೆಗೆದುಕೊಂಡಿದೆ. ಇಂಗ್ಲಿಷಿನಲ್ಲಿ ಸ್ವರಗಳನ್ನು ಬರೆದಿಟ್ಟ ಹಾಳೆಗೂ ಸ್ಕೋರ್ ಅನ್ನುತ್ತಾರೆ. ಅದಕ್ಕೆ ನಮ್ಮಲ್ಲಿ 'ಸ್ವರಲಿಪಿ' ಇದೆ, ಅದರ ಚಿಂತೆ ಬೇಡ.

ಇಲ್ಲಿನ ಮರಾಠಿ ಗೆಳೆಯರು 'ಪಾರ್ಶ್ವಸಂಗೀತ' ಅನ್ನುತ್ತಾರೆ. ಪಾರ್ಶ್ವ ಅಂದರೆ ಮಗ್ಗುಲು. ನಾವು ಚಿತ್ರದ ಹಿಂದೆ ಕೂರಿಸಿದ ಸಂಗೀತವನ್ನು ಅವರು ಪಕ್ಕದಲ್ಲಿ ಕೂರಿಸಿದ್ದಾರೆ. ನಮ್ಮ ಕಛೇರಿಯ 'ಪಕ್ಕವಾದ್ಯ'ದಲ್ಲೂ ಇದೇ ಭಾವ ಇದೆ. ಕೇಳಲು ಚೆನ್ನಾಗಿದೆ, ಆದರೆ 'ಪಕ್ಕಸಂಗೀತ' ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ನನ್ನ ಒಲವು 'ಹಿಮ್ಮೇಳ'ದ ಕಡೆಗೆ. ಮಳೆಗಾಲ ಬಂತೆಂದರೆ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬಂದು ಆಟ ಆಡುತ್ತಾರೆ. ಅಲ್ಲಿ ಹಿಮ್ಮೇಳದವರು ರಂಗದಲ್ಲೇ, ಎಲ್ಲರ ಕಣ್ಣೆದುರೇ ಇರುತ್ತಾರೆ. ಹಿಮ್ಮೇಳದ ಮುಖ್ಯ ಹಾಡುಗಾರರಾದ ಭಾಗವತರು ಪದ ಎತ್ತಿದ ಮೇಲೆಯೇ ವೇಷಕ್ಕೆ ಕುಣಿತ, ಮಾತು. ಭಾಗವತರನ್ನೇ ಮೊದಲನೆಯ ವೇಷ ಎಂದು ಕರೆಯುವುದು ಸುಮ್ಮನೆ ಅಲ್ಲ. ಹೆಸರಿನಲ್ಲಿ 'ಹಿಂದೆ' ಇದ್ದರೂ ಇಡೀ ಆಟವನ್ನು ನಡೆಸುವುದು ಹಿಮ್ಮೇಳವೇ. ವೇಷ ಮೊದಲ ಸಲ ರಂಗಕ್ಕೆ ಬರುವ ಒಡ್ಡೋಲಗವನ್ನೇ ತೆಗೆದುಕೊಳ್ಳಿ. ಕೃಷ್ಣನದೇ ಬೇರೆ, ರಕ್ಕಸನದೇ ಬೇರೆ. ಬರುತ್ತಿರುವವರು ಎಂಥವರು ಎಂದು ಪಳಗಿದ ಕಿವಿಗೆ ಚೆಂಡೆ ಮದ್ದಳೆಯಿಂದಲೇ ತಿಳಿಯುತ್ತದೆ.

2019ರ 'ಜೋಕರ್' ಚಿತ್ರದಲ್ಲಿ ಹೆಚ್ಚುಕಡಿಮೆ ಇದೇ ನಡೆದಿದೆ. ಹಿಲ್ದುರ್ ಗುದ್ನಾದೋತ್ತಿರ್ ಎಂಬ ಐಸ್‌ಲ್ಯಾಂಡಿನ ಸಂಯೋಜಕಿ ಚಿತ್ರಕಥೆ ಓದಿ, ಶೂಟಿಂಗ್‌ಗೆ ಮೊದಲೇ ಸಂಗೀತ ಬರೆಯಲು ಶುರು ಮಾಡಿದರು. ಅವರ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ವಾದನವನ್ನು ಸೆಟ್ಟಿನಲ್ಲೇ ಹಾಕಿದರು. ಬಾತ್‌ರೂಮಿನಲ್ಲಿ ನಾಯಕ ನಿಧಾನವಾಗಿ ಕುಣಿಯುವ ದೃಶ್ಯ ಹುಟ್ಟಿದ್ದು ಆ ನಾದಕ್ಕೆ. ಇಲ್ಲಿ ಸಂಗೀತ ಮೊದಲು, ನಟ ಆಮೇಲೆ. ಆ ಕೆಲಸಕ್ಕೆ ಅವರಿಗೆ 2020ರಲ್ಲಿ ಆಸ್ಕರ್ ಬಂತು. ಇದನ್ನು 'ಹಿನ್ನೆಲೆ ಸಂಗೀತ' ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ.

'ಹಿಮ್ಮೇಳ'ಕ್ಕೆ ಆಕ್ಷೇಪಗಳೂ ಇವೆ. ಆ ಪದ ಹಾಡುವ, ಬಾರಿಸುವ ಜನರನ್ನು ಹೇಳುತ್ತದೆ, ಕಟ್ಟಿದ ಕೃತಿಯನ್ನಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಉತ್ತರ ಕರ್ನಾಟಕದ ಜನಪದ ಹಾಡಾದ ಗೀಗೀ ಪದದಲ್ಲಿ ಹಿಮ್ಮೇಳ ಮುಂದಿನವರು ಹಾಡಿದ್ದಕ್ಕೆ ದನಿಗೂಡಿಸುತ್ತದೆ. ಮಾತಿನಲ್ಲಿ ಕೂಡ 'ಅವರಿಗೆ ಹಿಮ್ಮೇಳ ಹಾಕಬೇಡ' ಅಂದರೆ ಹೂಂಗುಟ್ಟಬೇಡ ಎಂದೇ ಅರ್ಥ. ಕರಾವಳಿಯವರಿಗೆ ನಡೆಸುವವರಾಗಿ ಕೇಳುವ ಪದ ಧಾರವಾಡ, ಬೆಳಗಾವಿ ಕಡೆಯವರಿಗೆ ಹಿಂಬಾಲಿಸುವವರಾಗಿ ಕೇಳಬಹುದು. ಮುಂಬಯಿಯಲ್ಲಿ ಎರಡೂ ಕಡೆಯ ಕನ್ನಡಿಗರು ಇದ್ದಾರೆ, ಪತ್ರಿಕೆ ಇಬ್ಬರಿಗೂ ಹೋಗುತ್ತದೆ.

ಇನ್ನು 'ಥೀಮ್'. ಒಂದು ಪಾತ್ರಕ್ಕೆ ಅಂಟಿಕೊಂಡು, ಆ ಪಾತ್ರ ಬಂದಾಗಲೆಲ್ಲ ಮರಳಿ ಬರುವ ಸಂಗೀತದ ತುಣುಕು. 'ಧಾಟಿ', 'ಮಟ್ಟು' ಎರಡನ್ನೂ ಯೋಚಿಸಿದೆ. ವಿಲಿಯಮ್ಸ್ ಅವರ ಸೂಪರ್‌ಮ್ಯಾನ್‌ಗೆ ಇವು ಸರಿಹೊಂದುತ್ತವೆ. ಅದರಲ್ಲಿ ಮೂರು ಸ್ವರ 'ಸೂಪರ್‌ಮ್ಯಾನ್' ಎಂದು ಹೆಸರು ಹಿಡಿದು ಕೂಗಿದಂತೆಯೇ ಕೇಳುತ್ತವೆ. ಆದರೆ 2008ರ 'ದ ಡಾರ್ಕ್ ನೈಟ್' ಚಿತ್ರದಲ್ಲಿ ಸಂಯೋಜಕ ಹಾನ್ಸ್ ಝಿಮ್ಮರ್ ಬ್ಯಾಟ್‌ಮನ್‌ನ ಎದುರಾಳಿ ಜೋಕರ್‌ಗೆ ಕೊಟ್ಟಿದ್ದು ಧಾಟಿಯೇ ಅಲ್ಲ. ಒಂದೇ ಸ್ವರವನ್ನು ಎಳೆದು ಎಳೆದು, ಕಿವಿಗೆ ಕೊರೆಯುವಂತೆ ಬಿಗಿ ಮಾಡುತ್ತಾ ಹೋಗುತ್ತಾರೆ. ಗುನುಗಲು ಅಲ್ಲಿ ಏನೂ ಇಲ್ಲ. ಆದರೂ ಅದು ಶುರುವಾದರೆ ಜೋಕರ್ ಹತ್ತಿರದಲ್ಲೇ ಇದ್ದಾನೆ ಎಂದು ಮೈ ಬಿಗಿಯಾಗುತ್ತದೆ.

2018ರ 'ಬ್ಲ್ಯಾಕ್ ಪ್ಯಾಂಥರ್'ನಲ್ಲೂ ಹೀಗೆಯೇ. ಸಂಯೋಜಕ ಲುಡ್ವಿಗ್ ಯೋರಾನ್ಸನ್ ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಹೋಗಿ, ಗಾಯಕ ಬಾಬಾ ಮಾಲ್ ಅವರ ಜೊತೆ ಓಡಾಡಿ, ಅಲ್ಲಿನ ವಾದ್ಯಗಳನ್ನು ಕೇಳಿಕೊಂಡು ಬಂದರು. ನಾಯಕ ಟಿ'ಚಾಲ್ಲಾನ ಗುರುತು 'ತಮಾ' ಎಂಬ ಚರ್ಮವಾದ್ಯದಲ್ಲಿದೆ. ಕಂಕುಳಲ್ಲಿ ಹಿಡಿದು, ಹಗ್ಗ ಒತ್ತಿ ಶ್ರುತಿ ಏರಿಸಿ ಇಳಿಸಿ, ಮಾತಾಡಿದ ಹಾಗೆ ನುಡಿಸುವ ವಾದ್ಯ ಅದು. ಎದುರಾಳಿ ಕಿಲ್‌ಮಾಂಗರ್‌ಗೆ ಫುಲಾ ಜನರ ಕೊಳಲು. ಬರಿಯ ಪೆಟ್ಟುಗಳೇ ನಾಯಕನ ಗುರುತು ಹೇಳುವಾಗ ಅದನ್ನು 'ಧಾಟಿ' ಅನ್ನುವುದು ಹೇಗೆ?

ಅದಕ್ಕೇ ನಾನು 'ಗುರುತುನಾದ' ಎಂದು ಬರೆದುಕೊಂಡಿದ್ದೇನೆ. ಧಾಟಿ, ಪೆಟ್ಟು, ಒಂಟಿ ಸ್ವರ ಎಲ್ಲವೂ ಅದರಲ್ಲಿ ಹಿಡಿಸುತ್ತವೆ. ಈ ಪದ ಸಿಕ್ಕ ಮೇಲೆ ಹುಡುಗರ ವಾದವೂ ನನಗೆ ತಿಳಿಯಾಯಿತು. ಒಬ್ಬರು ಹುಡುಕುತ್ತಿರುವುದು ಧಾಟಿ, ಇನ್ನೊಬ್ಬರಿಗೆ ಗುರುತುನಾದ ಸಿಕ್ಕರೆ ಸಾಕು. ನನ್ನನ್ನು ಕೇಳಿದರೆ ಎರಡನೆಯವರ ಮಾತು ಸರಿ. ಆದರೆ ಧಾಟಿಯೂ ಇಲ್ಲದ, ಗುರುತೂ ಇಲ್ಲದ ಸಂಗೀತ ಎಷ್ಟೋ ಸೂಪರ್‌ಹೀರೋ ಚಿತ್ರಗಳಲ್ಲಿದೆ. ಅದರ ಬಗ್ಗೆ ಮೊದಲನೆಯವರ ದೂರು ನ್ಯಾಯವಾದದ್ದು.

ಆ ದೂರಿಗೆ ಒಂದು ಕಾರಣ 'ಟೆಂಪ್ ಟ್ರ್ಯಾಕ್'. ಎಡಿಟಿಂಗ್ ನಡೆಯುವಾಗ ಬೇರೆ ಯಾವುದೋ ಸಿನಿಮಾದ ಸಂಗೀತವನ್ನು ಸದ್ಯಕ್ಕೆ ಅಂತ ಹಾಕಿಕೊಳ್ಳುತ್ತಾರೆ. ಕೇಳಿ ಕೇಳಿ ನಿರ್ದೇಶಕರಿಗೆ ಅದೇ ರೂಢಿಯಾಗುತ್ತದೆ. ಸಂಯೋಜಕರಿಗೆ 'ಇದೇ ಥರ ಬೇಕು' ಅನ್ನುತ್ತಾರೆ. ಹೀಗೆ ಒಂದರ ಹಾಗೆ ಇನ್ನೊಂದು. ಇದಕ್ಕೆ 'ಎರವಲು ಸಂಗೀತ' ಅಂದರೆ ಸಾಕು ಅನ್ನಿಸುತ್ತದೆ. ಇದಕ್ಕಿಂತ ಸುಲಭದ ಪದ ಇದ್ದರೆ ತಿಳಿಸಿ.

ನನಗೆ ಬೇಕಾದ ಸಹಾಯ ಇಷ್ಟು. ಉತ್ತರ ಕರ್ನಾಟಕದವರು 'ಈ ಸಿನಿಮಾದ ಹಿಮ್ಮೇಳ ಚೆನ್ನಾಗಿದೆ' ಎಂಬ ವಾಕ್ಯವನ್ನು ಜೋರಾಗಿ ಓದಿ, ಮೊದಲು ಏನು ಅರ್ಥ ಹೊಳೆಯಿತು ಎಂದು ಬರೆಯಿರಿ. ನಾಟಕ ಕಂಪನಿಗಳಲ್ಲಿ ಕೆಲಸ ಮಾಡಿದವರು ಇದ್ದರೆ, ಪಾತ್ರ ರಂಗಕ್ಕೆ ಬರುವಾಗ ಹಾರ್ಮೋನಿಯಂ, ತಬಲಾದವರು ನುಡಿಸುತ್ತಿದ್ದುದಕ್ಕೆ ತಮ್ಮತಮ್ಮಲ್ಲಿ ಏನು ಹೆಸರಿತ್ತು ಎಂದು ತಿಳಿಸಿ. 'ಗುರುತುನಾದ'ದ ಜಾಗದಲ್ಲಿ ಅಂಥ ಬಳಕೆಯ ಪದವೇ ಸಿಕ್ಕರೆ ಅದನ್ನೇ ಹಾಕುತ್ತೇನೆ. ಲೇಖನ ಚೌತಿಯ ಸಂಚಿಕೆಗೆ ಹೋಗಬೇಕು.