ಪಿಚಿಂಗ್ ವೆಡ್ಜ್‌ಗೂ ಸ್ಯಾಂಡ್ ವೆಡ್ಜ್‌ಗೂ ನಡುವೆ ಏನು ತಗೊಳ್ಳಲಿ?

ಪ್ರಶ್ನೆ: ಗಾಲ್ಫ್ ಶುರು ಮಾಡಿ ವರ್ಷ ಆಗುತ್ತಾ ಬಂತು. ಮನೆ ಮಾರತ್ತಹಳ್ಳಿ. ವಾರಾಂತ್ಯದಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಅಭ್ಯಾಸದ ರೇಂಜ್‌ನಲ್ಲಿ ಹೊಡೆಯುತ್ತೇನೆ. ನನ್ನದು ಬಾಕ್ಸ್ ಸೆಟ್: ಡ್ರೈವರ್, ಒಂದು ವುಡ್, ಒಂದು ಹೈಬ್ರಿಡ್, 6ರಿಂದ 9ರವರೆಗೆ ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟರ್. ಪಿಚಿಂಗ್ ವೆಡ್ಜ್ ಚೆನ್ನಾಗಿ ಕೂತರೆ 105 ಗಜ ಹೋಗುತ್ತದೆ, ಸ್ಯಾಂಡ್ ವೆಡ್ಜ್ 70. ಮಧ್ಯದ 85–90 ಗಜಕ್ಕೆ ಏನೂ ಇಲ್ಲ. ಅಂಗಡಿಯಲ್ಲಿ ಕೇಳಿದರೆ 52, 56, 60 ಡಿಗ್ರಿ ವೆಡ್ಜ್ ಮೂರೂ ಒಟ್ಟಿಗೆ ತಗೊಳ್ಳಿ ಎಂದರು. ನಿಜಕ್ಕೂ ಬೇಕಾ?

ಕೋಚ್: ಮೂರು ಬೇಡ, ಒಂದು ಸಾಕು. ಯಾವುದು ಅಂತ ಹೇಳಬೇಕಾದರೆ ನಿಮ್ಮ ಪಿಚಿಂಗ್ ವೆಡ್ಜ್ ಎಷ್ಟು ಡಿಗ್ರಿ ಅಂತ ಗೊತ್ತಾಗಬೇಕು. ಅದರ ಮೇಲೆ ಸಾಮಾನ್ಯವಾಗಿ ‘ಪಿ’ ಅಂತ ಮಾತ್ರ ಇರುತ್ತದೆ. ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಸೆಟ್‌ನ ಲಾಫ್ಟ್ (ಕ್ಲಬ್ ಮುಖ ಹಿಂದಕ್ಕೆ ವಾಲಿದ ಕೋನ) ಪಟ್ಟಿ ನೋಡಿ ಹೇಳಿ.

ಪ್ರಶ್ನೆ ಕೇಳಿದವರು: ನೋಡಿದೆ. 44 ಡಿಗ್ರಿ. ಸ್ಯಾಂಡ್ ವೆಡ್ಜ್ ಮೇಲೆ 56 ಅಂತ ಕೆತ್ತಿದ್ದಾರೆ.

ಕೋಚ್: ಹಾಗಾದರೆ ನಡುವೆ 12 ಡಿಗ್ರಿ ಖಾಲಿ. ಶಾರ್ಟ್ ಐರನ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಇರುತ್ತದೆ. ಹಾಗಾಗಿ ನಿಮಗೆ ತೊಂದರೆ ಅನ್ನಿಸುತ್ತಿರುವುದು ಸಹಜ, ಸ್ವಿಂಗ್ ತಪ್ಪಲ್ಲ.

52-56-60 ಅನ್ನುವ ಜೋಡಣೆ ಪಿಚಿಂಗ್ ವೆಡ್ಜ್ 48 ಡಿಗ್ರಿ ಇದ್ದ ಕಾಲದ್ದು. 48ರ ನಂತರ ನಾಲ್ಕು ನಾಲ್ಕು ಡಿಗ್ರಿ ಏರಿದರೆ ಅದೇ ಬರುತ್ತದೆ ಅಲ್ವಾ? ಈಗಿನ ಬಿಗಿನರ್ ಐರನ್‌ಗಳಲ್ಲಿ ತಲೆಯ ತೂಕವನ್ನು ಕೆಳಗೆ ಇಳಿಸಿರುತ್ತಾರೆ. ಬಾಲ್ ತಾನಾಗಿಯೇ ಎತ್ತರಕ್ಕೆ ಏಳುತ್ತದೆ. ಅದಕ್ಕೆ ಲಾಫ್ಟ್ ಕಡಿಮೆ ಮಾಡಿ ದೂರ ಜಾಸ್ತಿ ತೋರಿಸುತ್ತಾರೆ. ಪಿಚಿಂಗ್ ವೆಡ್ಜ್ 43–45ಕ್ಕೆ ಬಂದಿದೆ, ಸ್ಯಾಂಡ್ ವೆಡ್ಜ್ ಮಾತ್ರ ಹಳೆಯ ಜಾಗದಲ್ಲೇ ಇದೆ. ನಿಮ್ಮ ಬ್ಯಾಗ್‌ನ ಖಾಲಿ ಜಾಗ ಹುಟ್ಟಿದ್ದು ಹೀಗೆ.

ನೀವು 50 ಡಿಗ್ರಿಯದು ತಗೊಳ್ಳಿ. ಎರಡೂ ಕಡೆ ಆರು ಡಿಗ್ರಿ. ಸುಮಾರು 88 ಗಜ ಹೋಗುತ್ತದೆ. 52 ತಗೊಂಡರೆ ಮೇಲೆ ಎಂಟು, ಕೆಳಗೆ ನಾಲ್ಕು, ಅರ್ಧ ತೂತು ಹಾಗೇ ಉಳಿಯುತ್ತದೆ. ನಿಮ್ಮ ಸೆಟ್‌ನ ಕಂಪನಿಯೇ ಅದೇ ತಲೆಯ ಗ್ಯಾಪ್ ವೆಡ್ಜ್ ಮಾರುತ್ತಿದ್ದರೆ ಇನ್ನೂ ಒಳ್ಳೆಯದು. ಅದರ ಮೇಲೆ ‘ಜಿ’, ‘ಎ’ ಅಥವಾ ‘ಯು’ ಅಂತ ಇರುತ್ತದೆ.

ಇನ್ನೊಬ್ಬ ಸದಸ್ಯರು: ಹೊಸದು ಯಾಕೆ ಸರ್? ಪಿಚಿಂಗ್ ವೆಡ್ಜ್‌ನಲ್ಲೇ ಸ್ವಲ್ಪ ಮೆಲ್ಲಗೆ ಹೊಡೆದರೆ 88 ಬರಲ್ವಾ?

ಕೋಚ್: ಬರುತ್ತದೆ, ಕೈ ಪಳಗಿದವರಿಗೆ. ಹೊಸಬರು ಮೆಲ್ಲಗೆ ಅಂದ ಕೂಡಲೇ ಬಾಲ್ ಹತ್ತಿರ ಬಂದಾಗ ಬ್ರೇಕ್ ಹಾಕುತ್ತಾರೆ, ಕ್ಲಬ್ ನೆಲಕ್ಕೆ ಹೂತುಹೋಗುತ್ತದೆ. ಸದ್ಯಕ್ಕೆ ಗ್ರಿಪ್ ಒಂದು ಇಂಚು ಕೆಳಗೆ ಹಿಡಿದು ಪೂರ್ತಿ ಸ್ವಿಂಗ್ ಮಾಡಿ ನೋಡಬಹುದು, ಐದಾರು ಗಜ ಇಳಿಯುತ್ತದೆ. ಹದಿನೇಳು ಗಜ ಇಳಿಸೋದು ಬೇರೆ ಆಟ.

ಪ್ರಶ್ನೆ ಕೇಳಿದವರು: ಬೌನ್ಸ್ ಅಂತಾರಲ್ಲ, ಅದು? 50ರಲ್ಲೇ 8, 12 ಅಂತೆಲ್ಲ ಇದೆ.

ಕೋಚ್: ಇದನ್ನು ಕೇಳಿದ್ದು ಒಳ್ಳೆಯದಾಯಿತು. ಹೊಸಬರಿಗೆ ಎರಡು ಡಿಗ್ರಿ ಲಾಫ್ಟ್‌ಗಿಂತ ಇದು ಮುಖ್ಯ ಅಂತ ನನ್ನ ಲೆಕ್ಕ.

ಕ್ಲಬ್‌ನ ತಳವನ್ನು ಪಕ್ಕದಿಂದ ನೋಡಿ. ಮುಂದಿನ ಅಂಚಿಗಿಂತ ಹಿಂಭಾಗ ಸ್ವಲ್ಪ ಕೆಳಗೆ ಇಳಿದಿರುತ್ತದೆ. ಆ ಕೋನವೇ ಬೌನ್ಸ್. ಅದು ಇದ್ದರೆ ಕ್ಲಬ್ ನೆಲದೊಳಗೆ ಅಗೆಯದೆ, ದೋಣಿಯ ತಳದ ಹಾಗೆ ಮೇಲೆ ಜಾರಿಕೊಂಡು ಹೋಗುತ್ತದೆ. ಅಮೆರಿಕದ ಆಟಗಾರ ಜೀನ್ ಸರಾಜೆನ್ ಹಳೆಯ ಕ್ಲಬ್‌ನ ತಳಕ್ಕೆ ಲೋಹ ಬೆಸೆದು ಇದನ್ನೇ ಸಾಧಿಸಿದ. 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದಾಗ ಅವನ ಬ್ಯಾಗ್‌ನಲ್ಲಿ ಆ ಸ್ಯಾಂಡ್ ವೆಡ್ಜ್ ಇತ್ತು.

ಬಾಲ್‌ಗಿಂತ ಮೊದಲು ನೆಲಕ್ಕೆ ಹೊಡೆಯುವ ಅಭ್ಯಾಸ ಇದ್ದವರಿಗೆ, ಅಂದರೆ ಬಹುತೇಕ ಹೊಸಬರಿಗೆ, ಬೌನ್ಸ್ ಜಾಸ್ತಿ ಇರಲಿ. ನಮ್ಮ ಊರಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗೆ ನೆಲ ಮೆತ್ತಗಿರುತ್ತದೆ, ಆಗ ಇದು ಕಾಪಾಡುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ನೀರು ಕಡಿಮೆಯಾಗಿ ನೆಲ ಗಟ್ಟಿಯಾದಾಗ ಅದೇ ಬೌನ್ಸ್ ಪುಟಿದು ಬಾಲ್‌ನ ಹೊಟ್ಟೆಗೆ ಹೊಡೆಯಬಹುದು. ಹಾಗಾಗಿ 50ಕ್ಕೆ 8ರಿಂದ 10, ಬಂಕರ್‌ಗೆ (ಮರಳಿನ ಗುಂಡಿಗೆ) ಬಳಸುವ 56ಕ್ಕೆ 10ರಿಂದ 14. ವೋಕಿ ವೆಡ್ಜ್ ಮೇಲೆ 56.10 ಅಂತ ಕಂಡರೆ ಮೊದಲನೆಯದು ಲಾಫ್ಟ್, ಎರಡನೆಯದು ಬೌನ್ಸ್.

ರೇಂಜ್ ಮ್ಯಾಟ್ ಮೇಲೆ ಹೊಡೆದು ಬೌನ್ಸ್ ಆರಿಸಬೇಡಿ. ಮ್ಯಾಟ್ ಮೇಲೆ ಎಲ್ಲ ಕ್ಲಬ್ಬೂ ಜಾರುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಹುಲ್ಲಿನ ಮೇಲೆ ನೋಡಿ.

ಇನ್ನೊಬ್ಬ ಸದಸ್ಯರು: ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಬಾಲ್ ಇಲ್ಲಿ ಜಾಸ್ತಿ ಹೋಗುತ್ತೆ. ಈ ಲೆಕ್ಕ ಬದಲಾಗಲ್ವಾ?

ಕೋಚ್: ಎಲ್ಲ ಕ್ಲಬ್ಬೂ ಸ್ವಲ್ಪ ಸ್ವಲ್ಪ ಜಾಸ್ತಿ ಹೋಗುತ್ತದೆ, ನಡುವಿನ ಅಂತರ ಹೆಚ್ಚು ಕಡಿಮೆ ಅಷ್ಟೇ. ಚೆನ್ನೈನಲ್ಲಿ ಆಡುವಾಗ ನೆನಪಿಟ್ಟುಕೊಳ್ಳಿ, ಸಾಕು.

ಪ್ರಶ್ನೆ ಕೇಳಿದವರು: 60 ಪೂರ್ತಿ ಬೇಡವಾ? ಯೂಟ್ಯೂಬ್‌ನಲ್ಲಿ ಎಲ್ಲರೂ ಅದರಲ್ಲೇ ಫ್ಲಾಪ್ (ಬಾಲ್ ತುಂಬ ಎತ್ತರಕ್ಕೆ ಎತ್ತಿ ಹತ್ತಿರದಲ್ಲೇ ಇಳಿಸೋದು) ಹೊಡೀತಾರೆ.

ಕೋಚ್: ಅವರು ದಿನಾ ಅದೇ ಕೆಲಸ ಮಾಡುತ್ತಾರೆ! ನಿಯಮದಂತೆ ಬ್ಯಾಗ್‌ನಲ್ಲಿ 14 ಕ್ಲಬ್ ಇರಬಹುದು. ನಿಮ್ಮಲ್ಲಿ ಇರೋದು 10, ಜಾಗ ಇದೆ. ಆದರೆ 60ರಲ್ಲಿ ಬಾಲ್ ಮುಖದ ಕೆಳಗೆ ತಗುಲಿದರೆ ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ದಾಟಿ ಹಾರುತ್ತದೆ, ಮೇಲೆ ತಗುಲಿದರೆ ಮೂಗಿನ ಮುಂದೆ ಬೀಳುತ್ತದೆ. ಬಂಕರ್‌ಗೂ ಗ್ರೀನ್ ಸುತ್ತಮುತ್ತಲಿಗೂ 56 ಸಾಕು.

ಅದಕ್ಕಿಂತ ಶಾಫ್ಟ್ (ಕ್ಲಬ್‌ನ ಕೋಲು) ಕಡೆ ಗಮನ ಕೊಡಿ. ನಿಮ್ಮ ಐರನ್‌ಗಳು ಗ್ರಾಫೈಟಾ?

ಪ್ರಶ್ನೆ ಕೇಳಿದವರು: ಹೌದು, ಗ್ರಾಫೈಟ್.

ಕೋಚ್: ಬಿಡಿಯಾಗಿ ಮಾರುವ ವೆಡ್ಜ್‌ಗಳಲ್ಲಿ ಹೆಚ್ಚಿನವಕ್ಕೆ ಭಾರದ ಸ್ಟೀಲ್ ಶಾಫ್ಟ್. ನಿಮ್ಮ ಐರನ್ ಶಾಫ್ಟ್‌ಗಿಂತ 50 ಗ್ರಾಂ ಜಾಸ್ತಿಯೂ ಇರಬಹುದು. ಪೂರ್ತಿ ಸ್ವಿಂಗ್‌ಗೆ ಬಳಸುವ ಕ್ಲಬ್ ಇದ್ದಕ್ಕಿದ್ದಂತೆ ಭಾರವಾದರೆ ತಾಳ ತಪ್ಪುತ್ತದೆ. ಗ್ರಾಫೈಟ್ ಅಥವಾ ಹಗುರ ಸ್ಟೀಲ್ ಕೇಳಿ. ತಲೆ ಕ್ಯಾವಿಟಿ ಬ್ಯಾಕ್ (ಹಿಂಭಾಗ ಟೊಳ್ಳು) ಇರಲಿ, ಕ್ಲೀವ್‌ಲ್ಯಾಂಡ್ ಸಿಬಿಎಕ್ಸ್ ತರದ್ದು. ಬಾಲ್ ಮುಖದ ನಡುವಿಗೆ ತಗುಲದಿದ್ದರೂ ದೂರ ಅಷ್ಟಾಗಿ ಕಳೆದುಹೋಗುವುದಿಲ್ಲ.

ಪ್ರಶ್ನೆ ಕೇಳಿದವರು: ಪರಿಚಯದವರೊಬ್ಬರು ಹಳೆಯ 52 ಕೊಡುತ್ತೇನೆ ಅಂತಿದ್ದಾರೆ. ಅದನ್ನೇ 50ಕ್ಕೆ ಬಗ್ಗಿಸಬಹುದಾ?

ಕೋಚ್: ಫೋರ್ಜ್ ಮಾಡಿದ್ದಾದರೆ (ಲೋಹ ಬಡಿದು ಮಾಡಿದ್ದು) ಕ್ಲಬ್ ಫಿಟ್ಟರ್ ಹತ್ತಿರ ಸುಲಭವಾಗಿ ಆಗುತ್ತದೆ. ಕಾಸ್ಟ್ ಮಾಡಿದ್ದಾದರೆ (ಅಚ್ಚಿಗೆ ಎರಕ ಹೊಯ್ದದ್ದು) ಮೊದಲು ಅವರನ್ನು ಕೇಳಿ, ಗಟ್ಟಿ ಲೋಹವಾದರೆ ಮುರಿಯುವ ಭಯ ಇದೆ. ಇನ್ನೊಂದು ವಿಷಯ, ಲಾಫ್ಟ್ ಎರಡು ಡಿಗ್ರಿ ಇಳಿಸಿದರೆ ಬೌನ್ಸ್ ಕೂಡ ಎರಡು ಇಳಿಯುತ್ತದೆ. ಅದು 10 ಬೌನ್ಸ್‌ನದಾದರೆ 8 ಆಗುತ್ತದೆ, ನಿಮಗೆ ಸರಿ. 6 ಇದ್ದರೆ 4 ಆಗಿಬಿಡುತ್ತದೆ, ಪುಕ್ಕಟೆ ಸಿಕ್ಕರೂ ಬೇಡ. ಮುಖದ ಗೆರೆಗಳನ್ನು ಉಗುರಿನಲ್ಲಿ ಕೆರೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಗೆರೆ ಸವೆದಿದೆ ಅಂತ ಅರ್ಥ, ಬಾಲ್ ಗ್ರೀನ್ ಮೇಲೆ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು: 52.08 ಅಂತ ಇದೆ ಸರ್. ಶಾಫ್ಟ್ ಸ್ಟೀಲ್.

ಕೋಚ್: ಹಾಗಾದರೆ ಬಿಡಿ. ಬಗ್ಗಿಸಿದರೆ ಬೌನ್ಸ್ 6ಕ್ಕೆ ಇಳಿಯುತ್ತದೆ, ಭಾರವೂ ಬೇರೆ. ಶಾಫ್ಟ್ ಬದಲಾಯಿಸುವ ದುಡ್ಡನ್ನು ಹೊಸದಕ್ಕೇ ಸೇರಿಸಿ.