ತಿರುಚು ಹೇಜಲ್ ಗಿಡದ ಬುಡದಲ್ಲಿ ನೆಟ್ಟನೆ ಕೊಂಬೆ ಬರ್ತಿದೆ, ಏನು ಮಾಡಲಿ?

ಪ್ರಶ್ನೆ (ರೆಡಿಂಗ್, ಇಂಗ್ಲೆಂಡ್): ಅಕ್ಕ, ಹೋದ ವರ್ಷ ಜನವರಿಯಲ್ಲಿ ಕಾರ್ಕ್‌ಸ್ಕ್ರೂ ಹೇಜಲ್ ಗಿಡ (ಹೇಜಲ್ ಅನ್ನೋ ಕಾಯಿ ಬಿಡುವ ಯುರೋಪಿನ ಪೊದೆಗಿಡದ ತಿರುಚು ಕೊಂಬೆಯ ತಳಿ) ತಂದು ಹಿತ್ತಲಲ್ಲಿ ನೆಟ್ಟೆ. ಎಲೆಯಿಲ್ಲದ ಕೊಂಬೆಗಳು ಚಕ್ಕುಲಿ ಒತ್ತಿದ ಹಾಗೆ ಸುತ್ತಿಕೊಂಡಿದ್ದವು, ನೋಡಿ ಮರುಳಾದೆ. ಈಗ ಜೂನ್. ಬುಡದಿಂದ ಐದಾರು ಕೊಂಬೆ ಬಾಣದಂತೆ ಎದ್ದು ನನ್ನೆತ್ತರ ಬಂದಿವೆ. ತಿರುಚಿದ ಕೊಂಬೆಗಳಲ್ಲಿ ಮಾತ್ರ ಎಲೆ ಮುದುಡಿ ಜೋತಿವೆ. ರೋಗವಾ? ಗೊಬ್ಬರ ಸಾಲದಾ?

ಉತ್ತರ (ನರ್ಸರಿ ಕೆಲಸ, ಕೆಂಟ್): ರೋಗವೂ ಅಲ್ಲ, ಗೊಬ್ಬರದ ಕೊರತೆಯೂ ಅಲ್ಲ. ಈ ತಳಿಯ ಎಲೆ ಹುಟ್ಟಿನಿಂದಲೇ ಮುದುಡು. ಬೇಸಿಗೆಯಲ್ಲಿ ಇದು ಚೆಂದದ ಗಿಡವೇ ಅಲ್ಲ, ನಾನಂತೂ ಯಾರಿಗೂ ಸುಳ್ಳು ಹೇಳಿ ಮಾರೋದಿಲ್ಲ.

ಚಿಂತೆ ಮಾಡಬೇಕಾದದ್ದು ಆ ನೆಟ್ಟನೆ ಕೊಂಬೆಗಳದ್ದು. ಅವು ನಿಮ್ಮ ಗಿಡದವೇ ಅಲ್ಲ. ಅಂಗಡಿಯಲ್ಲಿ ಸಿಗೋ ತಿರುಚು ಹೇಜಲ್ ಹೆಚ್ಚಿನವು ಕಸಿ ಗಿಡಗಳು. ಕೆಳಗಿನ ಬೇರು ಸಾಮಾನ್ಯ ಹೇಜಲ್‌ನದು. ಊರಲ್ಲಿ ಕಸಿ ಗುಲಾಬಿಯ ಬುಡದಿಂದ ಕಾಡು ಗುಲಾಬಿ ಚಿಗುರಿ ಮೇಲಿನದನ್ನು ನುಂಗಿಹಾಕೋದು ನೋಡಿಲ್ವಾ? ಅದೇ ಕಥೆ. ಕತ್ತರಿಯಲ್ಲಿ ಮೇಲಿಂದ ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುತ್ತೆ. ಮಣ್ಣು ಕೆದರಿ, ಬೇರಿಗೆ ಅಂಟಿದ ಜಾಗ ಹುಡುಕಿ, ಬಾಳೆ ಕಂದು ಕಿತ್ತ ಹಾಗೆ ಬುಡಸಮೇತ ಸೀಳಿ ತೆಗೀರಿ. ಎಳೆಯದಿದ್ದಾಗ ಸುಲಭ. ಪ್ರತಿ ಬೇಸಿಗೆಯೂ ಒಮ್ಮೆ ಬಗ್ಗಿ ನೋಡಬೇಕು. ಬಿಟ್ಟರೆ ಕೆಲವು ವರ್ಷದಲ್ಲಿ ಬರೀ ನೆಟ್ಟನೆ ಹೇಜಲ್ ಉಳಿಯುತ್ತೆ.

ಇನ್ನುಳಿದಂತೆ ಗಟ್ಟಿ ಜೀವ. ಮೈನಸ್ 20 ಡಿಗ್ರಿ ಚಳಿಯನ್ನೂ ತಡೀತದೆ. ಸುಣ್ಣದ ಮಣ್ಣಾದರೂ ಸರಿ, ಜೇಡಿಯಾದರೂ ಸರಿ, ನೀರು ನಿಲ್ಲಬಾರದು ಅಷ್ಟೆ. ಬಿಸಿಲು ಅಥವಾ ಅರೆನೆರಳು. ಮೊದಲ ಎರಡು ಬೇಸಿಗೆ ನೀರು ಕೊಡಿ. ಬೆಳವಣಿಗೆ ನಿಧಾನ, ಕೊನೆಗೆ 8–10 ಅಡಿ.

ಪ್ರಶ್ನೆ (ಅವರೇ): ಅಬ್ಬ! ಹೂ, ಕಾಯಿ ಬಿಡುತ್ತಾ? ಬೀಜ ಹಾಕಿ ಇನ್ನೊಂದು ಮಾಡಿಕೊಳ್ಳಬಹುದಾ?

ಉತ್ತರ: ಹೂವೇ ಇದರ ಹಬ್ಬ. ಚಳಿಗಾಲದ ಕೊನೆಯಲ್ಲಿ, ಎಲೆ ಬರೋ ಮೊದಲೇ, ಹಳದಿ ಗಂಡುಹೂಗಳು ಕಾಳುಮೆಣಸಿನ ಗೊಂಚಲಿನ ಹಾಗೆ ಇಳಿಬೀಳ್ತವೆ. ಅದೇ ಕೊಂಬೆಯಲ್ಲಿ ಮೊಗ್ಗಿನ ತುದಿಗೆ ಕುಂಕುಮದೆಳೆಯಂಥ ಕೆಂಪು ಕಂಡರೆ ಅದು ಹೆಣ್ಣುಹೂ. ಪರಾಗ ಗಾಳಿಯಲ್ಲಿ ಬರಬೇಕು, ತನ್ನದೇ ಪರಾಗ ಆಗೋದಿಲ್ಲ. ಹತ್ತಿರದ ಬೇಲಿಯಲ್ಲಿ ಕಾಡು ಹೇಜಲ್ ಇದ್ದರೆ ನಾಲ್ಕು ಕಾಯಿ ಕಟ್ಟೀತು, ಅದನ್ನೂ ಅಳಿಲು ಒಯ್ಯುತ್ತೆ. ಬೀಜ ಹಾಕಿದರೆ ಸಾಮಾನ್ಯವಾಗಿ ನೆಟ್ಟನೆ ಸಸಿಯೇ. 1860ರ ದಶಕದಲ್ಲಿ ಗ್ಲಾಸ್ಟರ್‌ಶೈರ್‌ನ ಒಂದು ಬೇಲಿಯಲ್ಲಿ ಈ ವಿಚಿತ್ರ ಗಿಡ ಸಿಕ್ಕಿತು. ತಿರುಚು ಉಳಿಯಬೇಕಾದರೆ ಅಂದಿನಿಂದಲೂ ಕಸಿ ಅಥವಾ ಕೊಂಬೆ ಮಣ್ಣಿಗೆ ಬಗ್ಗಿಸಿ ಬೇರು ಬರಿಸೋದೇ ದಾರಿ. ಬಗ್ಗಿಸಿ ಮಾಡಿದ ಗಿಡಕ್ಕೆ ಸ್ವಂತ ಬೇರು, ಈ ನೆಟ್ಟನೆ ಕಂದಿನ ಕಾಟವೇ ಇಲ್ಲ.

ಪ್ರಶ್ನೆ (ನ್ಯೂಜೆರ್ಸಿ): ಇಲ್ಲಿ ಇದನ್ನು ಹ್ಯಾರಿ ಲಾಡರ್‌ನ ಊರುಗೋಲು ಅಂತಾರೆ, ಡೊಂಕು ಕೋಲು ಹಿಡಿದು ಹಾಡ್ತಿದ್ದ ಸ್ಕಾಟ್ಲೆಂಡ್ ಕಲಾವಿದನ ಹೆಸರಲ್ಲಿ. ನಮ್ಮದರಲ್ಲಿ ಕೊಂಬೆಗಳು ತುದಿಯಿಂದ ಒಣಗ್ತಿವೆ, ತೊಗಟೆ ಮೇಲೆ ಸಾಲಾಗಿ ಕಪ್ಪು ಗುಳ್ಳೆ.

ಉತ್ತರ: ಸಾಲು ಗುಳ್ಳೆ ಅಂದರೆ ಈಸ್ಟರ್ನ್ ಫಿಲ್ಬರ್ಟ್ ಬ್ಲೈಟ್ ಇರಬೇಕು. ಅದೊಂದು ಶಿಲೀಂಧ್ರ. ಅಮೆರಿಕದ ನಾಡ ಹೇಜಲ್ ಅದರ ಜೊತೆ ಹೇಗೋ ಬದುಕುತ್ತೆ, ಯುರೋಪಿನದು ಸಾಯುತ್ತೆ. ಗುಳ್ಳೆಗಿಂತ ಎರಡು ಮೂರು ಅಡಿ ಕೆಳಗೆ ಕತ್ತರಿಸಿ ತೆಗೆದು ನಾಶಮಾಡಿ. ಕಾಂಡಕ್ಕೇ ಬಂದಿದ್ದರೆ ಆಸೆ ಬಿಡಿ. ಮತ್ತೆ ನೆಡೋದಾದರೆ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ರೆಡ್ ಡ್ರ್ಯಾಗನ್ ತಳಿ ಕೇಳಿ. ತಿರುಚೂ ಇದೆ, ಕೆನ್ನೀಲಿ ಎಲೆಯೂ ಇದೆ, ಈ ರೋಗ ತಡೆಯೋ ಶಕ್ತಿಯೂ ಇದೆ, ಆದರೆ ನ್ಯೂಜೆರ್ಸಿ ಕಡೆ ಅದನ್ನೇ ಪೂರ್ತಿ ನಂಬಬೇಡಿ.

ಪ್ರಶ್ನೆ (ಬೆಂಗಳೂರು): ಮೇಡಂ, ಟೆರೇಸಲ್ಲಿ ಕುಂಡದಲ್ಲಿ?

ಉತ್ತರ: ಬೇಡ. ಇದಕ್ಕೆ ನೂರಾರು ಗಂಟೆ ನಿಜವಾದ ಚಳಿ ಬೇಕು, ಮಡಿಕೇರಿಯ ಚಳಿಯೂ ಸಾಲದು. ಹೇಜಲ್ ನೋಡಲೇಬೇಕಂದರೆ ಹಿಮಾಚಲಕ್ಕೆ ಹೋಗಿ. ಪಶ್ಚಿಮ ಹಿಮಾಲಯದಲ್ಲಿ ನಮ್ಮದೇ ಒಂದು ಹೇಜಲ್ ಮರವಿದೆ, ಪಾಂಗಿ ಕಣಿವೆಯವರು ಅದರ ಕಾಯಿಗೆ ಥಾಂಗಿ ಅಂತಾರೆ.

ಪ್ರಶ್ನೆ (ರೆಡಿಂಗ್): ಅಕ್ಕ, ಆರನ್ನೂ ಕಿತ್ತೆ. ಎಸೆಯೋಕೆ ಮನಸ್ಸಿಲ್ಲ, ಎಷ್ಟು ನೆಟ್ಟಗಿವೆ!

ಉತ್ತರ: ಯಾಕೆ ಎಸೀತೀರಿ? ಇಲ್ಲಿ ಕೈತೋಟದವರು ಬಟಾಣಿ, ಬೀನ್ಸ್ ಬಳ್ಳಿಯನ್ನ ಹೇಜಲ್ ಕೋಲಿಗೂ ಹಬ್ಬಿಸ್ತಾರೆ. ಎಲೆ ಸವರಿ ಒಣಗಿಸಿಟ್ಟುಕೊಳ್ಳಿ, ಬರೋ ವರ್ಷ ಬೀನ್ಸ್‌ಗೆ ಆಯ್ತು.